ನಮ್ಮ ಅತ್ತೆಯವರನ್ನು ‘ಲೋಡ್’ ಎಂದ ಚಕ್ರಗಳ ವಿಷಯ

ರಾಜಗೋಪಾಲನಗರ
ಶನಿವಾರ, ೧೬ ಫೆಬ್ರವರಿ ೧೯೮೫

ಶ್ರೀ ಜಯಸಿಂಹ ಅವರಿಗೆ,
ಮಾಲೀಕರು, ಚಕ್ರಧಾರಿ ವೀಲ್ ವರ್ಕ್ಸ್,
ಪೀಣ್ಯ ಎರಡನೇ ಹಂತ

ಪ್ರತಿ: ನಮ್ಮ ಮಹಿಳಾ ಸಮಾಜದ ಗೋಡೆಪತ್ರಿಕೆಗೆ

ಮಾನ್ಯರೇ,

ತಾವೂ ತಮ್ಮ ಕುಲುಮೆಯೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರದ ಮೊದಲ ಎರಡು ಕರಡುಗಳಲ್ಲಿ ಬರೆಯದೆ ಬಿಟ್ಟಿದ್ದ ಒಂದು ಸಂಗತಿಯನ್ನು ಈಗಲೇ ಹೇಳಿಬಿಡುವುದು ನ್ಯಾಯ. ನಮ್ಮ ಹಳೆಯ ಕಾರಿಗೆ ತಮ್ಮ ಅಲಾಯ್ ಚಕ್ರಗಳನ್ನು ಆರಿಸಿದವಳು ನಾನೇ. ಕರಡುಗಳಲ್ಲಿ ಆ ಕೆಲಸವನ್ನು ನನ್ನ ಯಜಮಾನರ ತಲೆಗೆ ಕಟ್ಟಿದ್ದೆ. ಓದಿ ನೋಡಿದಾಗ ವಾಕ್ಯಗಳು ಬಹಳ ಚೆನ್ನಾಗಿದ್ದವು, ಅದಕ್ಕೇ ಅನುಮಾನ ಬಂದು ಹರಿದು ಹಾಕಿದೆ.

ನನ್ನ ತಂದೆಯವರಿಂದ ಬಂದ ಕಾರು ಅದು. ಇಪ್ಪತ್ತಮೂರು ವರ್ಷ ಹಳೆಯದು, ಮಾಸಿದ ಹಾಲಿನ ಬಣ್ಣ. ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ತಮ್ಮ ಅಂಗಡಿಯ ಗೋಡೆಯ ಮೇಲೆ ಎಂಟು ದಳಗಳ, ನಮ್ಮದಕ್ಕಿಂತ ಅಗಲವಾದ ಆ ಹೊಳೆಯುವ ಚಕ್ರವನ್ನು ಕಂಡಾಗ, ಇದನ್ನು ಹಾಕಿಸಿದರೆ ಕಾರಿಗೆ ವಯಸ್ಸು ಕಡಿಮೆಯಾದಂತೆ ಕಾಣುತ್ತದೆ ಎಂದುಕೊಂಡೆ. ನಿಜಕ್ಕೂ ನನ್ನ ಮನಸ್ಸಿನಲ್ಲಿದ್ದದ್ದು ಕಾರಿನ ವಯಸ್ಸೇನಾ ಎಂದು ಆಮೇಲೆ ಹಲವು ಸಲ ಕೇಳಿಕೊಂಡಿದ್ದೇನೆ. ಉತ್ತರವನ್ನು ಗೋಡೆಪತ್ರಿಕೆಯಲ್ಲಿ ಹಾಕುವ ಧೈರ್ಯ ನನಗಿಲ್ಲ.

ಆ ದಿನ ತಾವು ತೋರಿದ ಸೌಜನ್ಯವನ್ನು ಹೇಗೆ ಮರೆಯಲಿ? ಕಾಫಿ ತರಿಸಿದಿರಿ. ದಳದ ಮಾದರಿ ಬೇಕೋ ನಕ್ಷತ್ರದ ಮಾದರಿ ಬೇಕೋ ಎಂದು ಕೇಳಿದಿರಿ. ನಮ್ಮ ಮನೆಯಲ್ಲಿ ಯಾರಾದರೂ ಕಾರ್ ರೇಸಿಗೆ ಹೋಗುವವರಿದ್ದಾರೆಯೇ ಎಂದೂ ವಿಚಾರಿಸಿದಿರಿ. ಕಾರಿನ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಎಂಬುದೊಂದನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೇ ಎಂಬುದು ಬೇರೆ ಪ್ರಶ್ನೆ. ಬಹುಶಃ ‘ಫ್ಯಾಮಿಲಿ’ ಎಂದು ಹೇಳಿ ಮುಗುಳ್ನಗುತ್ತಿದ್ದೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದೇ ಅಷ್ಟು.

ನನ್ನ ಯಜಮಾನರಾದ ದ್ವಾರಕಾನಾಥರನ್ನೂ ಈ ಗೌರವದಿಂದ ಹೊರಗಿಡಲಾರೆ. ಅವರು ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಕೂದಲೆಳೆಯಷ್ಟು ದಪ್ಪ ಹೆಚ್ಚಾದ ಭಾಗವನ್ನೂ ವಾಪಸು ಕಳಿಸುವವರು. ತಮ್ಮ ಚಕ್ರ ನಮ್ಮ ಕಾರಿಗೆ ಕೂರುತ್ತದೆಯೇ ಎಂದು ನೋಡಲು ಒಂದು ಭಾನುವಾರವನ್ನೇ ಮೀಸಲಿಟ್ಟರು. ಅಳತೆ ಶುದ್ಧವಾಗಿರಬೇಕೆಂದು ಡಿಕ್ಕಿ ಖಾಲಿ ಮಾಡಿದರು, ಸ್ಟೆಪ್ನಿ ಇಳಿಸಿದರು. ನಮ್ಮ ಅತ್ತೆ ಸತ್ಯವತಮ್ಮನವರು ನೆರಳಿದೆಯೆಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. “ಅಮ್ಮ, ಸ್ವಲ್ಪ ಇಳೀತೀಯಾ? ನೀನು ಕೂತಿದ್ರೆ ಅಳತೆ ತಪ್ಪತ್ತೆ” ಎಂದು ಅವರನ್ನೂ ಇಳಿಸಿದರು. ಅವರೆಕಾಯಿಯ ಮೊರ ಹಿಡಿದುಕೊಂಡು ಅವರು ಇಳಿದರು. ಆಮೇಲೆ ಯಜಮಾನರು ವರ್ನಿಯರ್ ಅಳತೆಪಟ್ಟಿ ಹಿಡಿದು ಮೂರು ಸಲ ಅಳೆದು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೇಕಾದಷ್ಟು ಜಾಗವಿದೆ ಎಂದು ಹಾಳೆಯ ಮೇಲೆ ಬರೆದು, ಕೆಳಗೆ ಸಹಿಯನ್ನೂ ಹಾಕಿದರು. ಆ ಹಾಳೆ ನನ್ನ ಬಳಿ ಜೋಪಾನವಾಗಿದೆ. ಅದರಲ್ಲಿ ಒಂದು ಅಂಕಿಯೂ ತಪ್ಪಿಲ್ಲ.

ತಮ್ಮ ಚಕ್ರಗಳೂ ಆ ಹಾಳೆಗೆ ನಿಷ್ಠವಾಗಿವೆ. ಖಾಲಿ ಕಾರಿನಲ್ಲಿ ಅವು ಹಂಸದಂತೆ ಹೋಗುತ್ತವೆ. ನಾನೊಬ್ಬಳೇ ಓಡಿಸಿದರೆ ಸದ್ದಿಲ್ಲ. ಯಜಮಾನರು ಪಕ್ಕದಲ್ಲಿ ಕೂತರೂ ಸದ್ದಿಲ್ಲ. ಅತ್ತೆಯವರು ಹಿಂದೆ ಕೂತು ಬಾಗಿಲು ಹಾಕಿಕೊಂಡು ‘ಹೊರಡು ವತ್ಸಲಾ’ ಎಂದರೆ ಸಾಕು, ಮೊದಲ ಹಳ್ಳದಲ್ಲೇ ಹಿಂದಿನ ಎರಡೂ ಟೈರುಗಳು ಮಡ್‌ಗಾರ್ಡಿಗೆ ಉಜ್ಜಿ, ಸೀಮೆಸುಣ್ಣದಿಂದ ಕಪ್ಪುಹಲಗೆಯನ್ನು ಗೀಚಿದಂತೆ ಕೂಗುತ್ತವೆ. ಪೀಣ್ಯದ ರಸ್ತೆಗಳಲ್ಲಿ ಹಳ್ಳಗಳಿಗೆ ಬರವಿಲ್ಲವೆಂಬುದು ತಮಗೆ ಗೊತ್ತು.

ದೂರು ಹೇಳಲೆಂದು ಅತ್ತೆಯವರನ್ನೂ ಕೂರಿಸಿಕೊಂಡೇ ತಮ್ಮ ಅಂಗಡಿಗೆ ಬಂದೆವು. ತಾವು ಬಗ್ಗಿ ನೋಡಿದಿರಿ, ಮಡ್‌ಗಾರ್ಡನ್ನು ತಟ್ಟಿದಿರಿ, ಹಿಂದಿನ ಕಿಟಕಿ ಪೂರ್ತಿ ಇಳಿದಿದ್ದುದನ್ನು ಗಮನಿಸದೆ ಘೋಷಿಸಿದಿರಿ: “ಚಕ್ರದ್ದೇನೂ ಪ್ರಾಬ್ಲಂ ಇಲ್ಲ ಮೇಡಂ. ಹಿಂದೆ ಲೋಡ್ ಜಾಸ್ತಿ, ಅಷ್ಟೇ. ಲೋಡ್ ಕಮ್ಮಿ ಮಾಡ್ಕೊಳ್ಳಿ.”

ಮಾನ್ಯರೇ, ಅತ್ತೆಯವರ ಮನೆಗೆ ನಾನು ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾಯಿತು. ಈ ಅವಧಿಯಲ್ಲಿ ಹೇಳಬೇಕೆನಿಸಿದರೂ ನಾನು ಹೇಳದಿದ್ದ ಮಾತನ್ನು ತಾವು ಅರ್ಧ ನಿಮಿಷದಲ್ಲಿ, ಉಗ್ರಾಣದವರು ಸಿಮೆಂಟ್ ಮೂಟೆಯ ಬಗ್ಗೆ ಮಾತಾಡುವಷ್ಟು ಸಹಜವಾಗಿ ಹೇಳಿಬಿಟ್ಟಿರಿ. ತಮ್ಮ ಸಾಹಸಕ್ಕೆ ತಲೆಬಾಗುತ್ತೇನೆ.

ಅತ್ತೆಯವರು ಕಿಟಕಿಯ ಗಾಜನ್ನು ಮೇಲೇರಿಸಿಕೊಂಡರು. ಮನೆಗೆ ಬಂದು, “ನನ್ನ ಭಾರಕ್ಕೇ ಕಣೇ ಅದು ಅರಚ್ತಿರೋದು. ಇನ್ಮೇಲೆ ನೀವಿಬ್ರೇ ಹೋಗ್ಬನ್ನಿ” ಎಂದರು. ಆ ರಾತ್ರಿಯಿಂದ ಅನ್ನ ಅರ್ಧವಾಯಿತು, ತುಪ್ಪ ನಿಂತಿತು. ಮಂಡಿನೋವಿರುವುದರಿಂದ ಬಸ್ಸು ಹತ್ತಲಾರರು, ಕಾರು ಬಿಟ್ಟರೆ ಅವರಿಗೆ ಗೇಟಿನಾಚೆ ಲೋಕವಿಲ್ಲ. ಮೂರು ವಾರದಿಂದ ಹೊರಗೆ ಹೋಗಿಲ್ಲ. ನಾಳೆ, ಭಾನುವಾರ, ಆನೇಕಲ್ಲಿನಲ್ಲಿ ಅವರ ಒಬ್ಬಳೇ ತಂಗಿಗೆ ಎಪ್ಪತ್ತು ತುಂಬುವ ಸಮಾರಂಭ. ಅಲ್ಲಿಗೂ ಬರುವುದಿಲ್ಲವೆಂದು ಪೋಸ್ಟ್ ಕಾರ್ಡ್ ಬರೆದಿಟ್ಟಿದ್ದರು. ‘ಮಂಡಿನೋವು’ ಎಂದು ಕಾರಣ ಕೊಟ್ಟಿದ್ದರು. ಆ ಕಾರ್ಡನ್ನು ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟರು. ನಾನು ಹಾಕಲಿಲ್ಲ.

ನಮ್ಮ ಹಳೆಯ ಚಕ್ರಗಳನ್ನಾದರೂ ವಾಪಸು ಕೊಡಿ ಎಂದು ನಾನು ಕೇಳಿಕೊಂಡಾಗ, ಅವನ್ನು ಟೈರು ಸಮೇತ ಮಾರಿಯಾಗಿದೆ ಎಂದು ತಾವು ವಿಷಾದಿಸಿದಿರಿ. ಎಲ್ಲಿಗೆ ಎಂದು ತಾವು ಹೇಳದಿದ್ದರೂ ತಿಳಿಯಿತು. ಎರಡು ಎಲ್ಲಿ ಹೋದವೋ ಕಾಣೆ. ಇನ್ನೆರಡು ನಮ್ಮ ಮನೆ ಮಾಲೀಕರಾದ ಆವಲಪ್ಪನವರ ಎತ್ತಿನ ಗಾಡಿಯಲ್ಲಿವೆ. ಗುಜರಿಗೆ ಬಿದ್ದ, ನಮ್ಮದೇ ಜಾತಿಯ ಕಾರಿನ ಚಕ್ರದ ಅಚ್ಚಿನಿಂದ ಮಾಡಿಸಿದ ಗಾಡಿ ಅದು. ಪ್ರತಿದಿನ ಬೆಳಿಗ್ಗೆ ಹೂಕೋಸಿನ ಹೊರೆ ಹೊತ್ತು ನಮ್ಮ ಗೇಟಿನ ಮುಂದೆಯೇ, ಚೂರೂ ಸದ್ದಿಲ್ಲದೆ ಸಾಗುತ್ತದೆ. ಸದ್ದಿಲ್ಲದಿರುವುದೂ ಒಂದು ಬಗೆಯ ಅಣಕವೆಂದು ನನಗೆ ಆಗಲೇ ತಿಳಿದದ್ದು.

ಒಂದು ದಿನದ ಮಟ್ಟಿಗೆ ಕೊಡುತ್ತೀರಾ ಎಂದು ನಾನು ಸಂಕೋಚದಿಂದ ಕೇಳಿದೆ. “ಅಯ್ಯೋ, ಬೆಣ್ಣೆ ಮ್ಯಾಲೆ ಜಾರ್ದಂಗೆ ಓಯ್ತವೆ ಅಮ್ಮಾವ್ರೇ, ಎಂಗ್ ಕೊಡ್ಲಿ?” ಎಂದರು ಆವಲಪ್ಪನವರು. ಒಳಗಿನಿಂದ ಅವರ ಹೆಂಡತಿ ಪಿಳ್ಳಮ್ಮನವರು ಕೂಗಿದರು: “ಆ ಅಜ್ಜಮ್ಮ ಮೂರು ವಾರದಿಂದ ವಸ್ಲು ದಾಟಿಲ್ಲ, ಇವ್ನಿಗೆ ಬೆಣ್ಣೆಯಂತೆ! ಆ ಮಿಂಚೋ ಚಕ್ರಾನ ನಿನ್ ಗಾಡಿಗ್ ಆಕ್ಕೊ, ನಿನ್ ಮೂತಿಗೂ ಒಂದಿಷ್ಟು ಕಳೆ ಬರ್ಲಿ!”

ಹಾಗಾಗಿ ನಿನ್ನೆ ಯಜಮಾನರೂ ಆವಲಪ್ಪನವರೂ ಜಾಕಿ ಹಾಕಿ ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿದರು. ಈಗ ನಮ್ಮ ಕಾರು ಮುಂಗಾಲಿಗೆ ಬೂಟು, ಹಿಂಗಾಲಿಗೆ ಹವಾಯಿ ಚಪ್ಪಲಿ ಮೆಟ್ಟಿದಂತಿದೆ. ಅತ್ತೆಯವರು ಹತ್ತಲು ಒಪ್ಪಲಿಲ್ಲ. ಪಿಳ್ಳಮ್ಮನವರು ತಾವೇ ಮೊದಲು ಹಿಂದೆ ಹತ್ತಿ ಕೂತರು. ಅವರ ಮೈಕಟ್ಟನ್ನು ತಾವು ನೋಡಿಲ್ಲ, ನೋಡಿದ್ದರೆ ‘ಲೋಡ್’ ಎಂಬ ಪದವನ್ನು ಮಿತವಾಗಿ ಬಳಸುತ್ತಿದ್ದಿರಿ. ಆಮೇಲೆ ಕೈಹಿಡಿದು ಅತ್ತೆಯವರನ್ನು ಒಳಗೆಳೆದುಕೊಂಡರು. ಜಾಲಹಳ್ಳಿ ಕ್ರಾಸಿನವರೆಗೆ ಹೋಗಿ ಬಂದೆವು. ನಾನು ಹಳ್ಳಗಳನ್ನು ತಪ್ಪಿಸಲಿಲ್ಲ, ಬೇಕೆಂದೇ ಹುಡುಕಿ ಇಳಿಸಿದೆ. ಒಂದು ಚೂರು ಸದ್ದಿಲ್ಲ. ವಾಪಸು ಬರುವಾಗ ಅತ್ತೆಯವರು ಕಿಟಕಿಯಿಂದ ಹೊರಗೆ ನೋಡುತ್ತಾ, “ಪಿಳ್ಳಮ್ಮ, ನೀನು ಸ್ವಲ್ಪ ಸಣ್ಣಗಾಗ್ಬೇಕು ಕಣೆ” ಎಂದರು. ಮನೆಗೆ ಬಂದು ಎರಡು ಸಲ ಅನ್ನ ಬಡಿಸಿಕೊಂಡರು, ತುಪ್ಪವನ್ನು ತಾವೇ ಕೇಳಿದರು.

ತಮ್ಮಲ್ಲಿ ನನ್ನ ಕೋರಿಕೆಗಳು ಸಣ್ಣವು. ಹಿರಿಯರು ಹತ್ತಿದೊಡನೆ ಗೌರವದಿಂದ ಎದ್ದು ನಿಲ್ಲುವ ಮಡ್‌ಗಾರ್ಡೊಂದನ್ನು ತಾವು ಕಂಡುಹಿಡಿಯಬೇಕು. ಅಲ್ಲಿಯವರೆಗೆ, ಗಿರಾಕಿಗಳು ಅತ್ತೆಯಂದಿರನ್ನು ಕರೆತರುವುದು ಕಡ್ಡಾಯವೆಂದು ಬೋರ್ಡು ಹಾಕಿ, ಅವರಿಗೂ ಕಾಫಿ ತರಿಸಬೇಕು. ಇದೆರಡೂ ಆಗದಿದ್ದರೆ, ಒಂದು ಸಂಜೆ ನಮ್ಮ ಮನೆಗೆ ಬಂದು ಸತ್ಯವತಮ್ಮನವರ ಎದುರು ಕೂತು, ತಪ್ಪು ಚಕ್ರದ್ದು ಎಂದು ತಮ್ಮ ಬಾಯಿಂದ ಹೇಳಬೇಕು. ಚಕ್ರವನ್ನು ಆರಿಸಿದ್ದು ನಾನು ಎಂದು ಅವರಿಗೆ ನಾನಾಗಲೇ ಹೇಳಿದ್ದೇನೆ. ಅರ್ಧ ಕೆಲಸ ಆಗಿದೆ, ಉಳಿದರ್ಧ ತಮ್ಮದು.

ಚಕ್ರಗಳ ವಿಷಯವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ತಮ್ಮ ವಿಶ್ವಾಸಿ,
ವತ್ಸಲಾ ದ್ವಾರಕಾನಾಥ್

ತಾ.ಕ.: ತಮ್ಮ ಎರಡು ಚಕ್ರಗಳು ಆವಲಪ್ಪನವರ ಗಾಡಿಯಲ್ಲಿ ಅದ್ಭುತವಾಗಿ ಓಡುತ್ತಿವೆ. ಅಲ್ಲಿ ಮಡ್‌ಗಾರ್ಡೇ ಇಲ್ಲವಲ್ಲ. ಯಶವಂತಪುರದ ಮಾರುಕಟ್ಟೆಯಲ್ಲಿ ಇಬ್ಬರು ಗಾಡಿಯವರು ತಮ್ಮ ವಿಳಾಸ ಕೇಳಿದರಂತೆ. ಕೊನೆಗೂ ತಮ್ಮ ಸರಕಿಗೆ ತಕ್ಕ ವಾಹನ ಸಿಕ್ಕಿದೆ. ಎತ್ತುಗಳಿಗೂ ಕಿವಿಯಿರುತ್ತದೆ, ಅವುಗಳ ಮುಂದೆ ಲೋಡಿನ ಮಾತೆತ್ತುವಾಗ ದಯವಿಟ್ಟು ದನಿ ತಗ್ಗಿಸಿ.

ಅತ್ತೆಯವರು ನಾಳೆ ತಂಗಿಯ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಅದೇ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬಂದ ಮೇಲೆ ಇದನ್ನು ಅಂಚೆಗೆ ಹಾಕುವುದು: ಸೋಮವಾರ, ೧೮ ಫೆಬ್ರವರಿ ೧೯೮೫.