ಹಲಗಿ ಕಾಕಾ ಸಾರಿದ ಮಳೆಗಳು

ಮಳೆಗಾಲ ಬಂತೆಂದರೆ ಬಸವಕಲ್ಯಾಣದ ನಮ್ಮ ಕಚೇರಿಯಲ್ಲಿ ಏನಾದರೊಂದು ಎಡವಟ್ಟು ಆಗಲೇಬೇಕು. ನಾನು ಅಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ಅದು ತಪ್ಪಿದ್ದಿಲ್ಲ. ಹಳ್ಳ ಉಕ್ಕುವ ಮುನ್ನ ಜನರನ್ನು ಎಚ್ಚರಿಸಲು ಆಗ ನಮ್ಮ ಬಳಿ ಇದ್ದ ಯಂತ್ರ ಒಂದೇ, ಡಂಗುರ ಸಾರುವ ಹಲಗಿ ಕಾಕಾ. ಕೊರಳಲ್ಲಿ ಹಲಗಿ, ತಲೆಗೆ ರುಮಾಲು, ಸಂತೆಯ ಗದ್ದಲದಲ್ಲೂ ಕೇಳಿಸುವ ದನಿ. ಅವನ ಮನೆ ಇದ್ದದ್ದೂ ಹಳ್ಳದ ದಂಡೆಯ ಓಣಿಯಲ್ಲೇ. "ಮಂದಿ ನನ್ನ ಮಾತ ಕೇಳಲಿಲ್ಲಂದ್ರ ಮೊದಲ ಮುಳುಗೋದು ನಮ್ಮವ್ವನ ಮನೀನೇ ನೋಡ್ರಿ" ಎನ್ನುತ್ತಿದ್ದ. ಈಗಲೂ ಮೋಡ ಕಟ್ಟಿದಾಗ ನನ್ನ ಕಿವಿ ಆ ಹಲಗಿಯನ್ನು ಹುಡುಕುತ್ತದೆ.

ಕಟ್ಟೆಚ್ಚರ

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಉರ್ದು ಹುಕುಂಗಳಿಗೆ ಒಗ್ಗಿಹೋಗಿದ್ದ ನಮಗೆ ಮೈಸೂರು ಕಡೆಯ ಸಾಹೇಬರೊಬ್ಬರು ಬಂದರು. ಅವರ ಕನ್ನಡವೋ ಇಸ್ತ್ರಿ ಮಾಡಿದ ಕನ್ನಡ. ಒಂದು ದಿನ ಹಲಗಿ ಕಾಕಾನನ್ನು ಕರೆಸಿ, "ಅತಿವೃಷ್ಟಿಯ ಸಂಭವವಿರುವುದರಿಂದ ಸಾರ್ವಜನಿಕರೆಲ್ಲರೂ ಕಟ್ಟೆಚ್ಚರದಿಂದ ಇರತಕ್ಕದ್ದು" ಎಂದು ಸಾರಲು ಹೇಳಿದರು. ಕಾಕಾ ಗಂಭೀರವಾಗಿ ತಲೆ ಆಡಿಸಿ ಹೊರಟ.

ಓಣಿಯಲ್ಲಿ ಕೇಳಿದ್ದು ಇಷ್ಟು: "ಕೇಳ್ರಪ್ಪೋ ಕೇಳ್ರಿ! ಸಾಹೇಬ್ರ ಹುಕುಂ ಆಗ್ಯದ! ಎಲ್ಲಾರೂ ಕಟ್ಟಿ ಮ್ಯಾಲ ಎಚ್ಚರ ಇರಬೇಕಂತ!"

ಮಧ್ಯಾಹ್ನದ ಹೊತ್ತಿಗೆ ಊರಿನ ಒಂದು ಕಟ್ಟೆಯೂ ಖಾಲಿ ಇರಲಿಲ್ಲ. ಬೇವಿನ ಮರದ ಕಟ್ಟೆ, ಬಾವಿ ಕಟ್ಟೆ, ಅಂಗಡಿಗಳ ಮುಂದಿನ ಕಟ್ಟೆ, ಎಲ್ಲ ಕಡೆ ಜನ ಒತ್ತಿಕೊಂಡು ಕೂತಿದ್ದರು. ತೂಕಡಿಸಿದವರನ್ನು ಪಕ್ಕದವರು ತಿವಿದು, "ಏಳಪ್ಪ, ಎಚ್ಚರ ಇರಬೇಕಂತ ಹುಕುಂ ಅದ" ಎನ್ನುತ್ತಿದ್ದರು. ಮಳೆ ಮಾತ್ರ ಒಂದು ಹನಿಯೂ ಬೀಳಲಿಲ್ಲ.

ಸಾಹೇಬರು ಆ ದಾರಿಯಲ್ಲಿ ಬಂದವರು ಕೆಂಡವಾದರು. "ಕೆಲಸ ಬಿಟ್ಟು ಯಾಕೆ ಹೀಗೆ ಕೂತಿದ್ದೀರಿ?"

ಒಬ್ಬ ಮುದುಕಪ್ಪ ಕೈ ಮುಗಿದು ಹೇಳಿದ: "ಸಾಹೇಬ್ರ, ಮುಂಜಾನಿಂದ ಕುಂತೇವ್ರಿ, ಸೊಂಟ ಹಿಡದಾವ. ಕೆಳಗ ಇಳೀಲಿಕ್ಕ ಹುಕುಂ ಯಾವಾಗ ಕೊಡ್ತೀರಿ?"

ಹುಮನಾಬಾದಿನ ಮಳೆ

ಕೆಲವು ವರ್ಷಗಳಾದ ಮೇಲೆ ಹುಮನಾಬಾದಿನ ಕಚೇರಿಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿಯೊಂದನ್ನು ಕೂರಿಸಿದರು. ಅದರಲ್ಲಿ ಎಷ್ಟು ನೀರು ಕೂಡಿದೆ ಎಂದು ದಿನಾ ಬೀದರಿಗೆ ತಿಳಿಸಬೇಕು. ಒಂದು ಬೆಳಿಗ್ಗೆ ನೋಡಿದರೆ ಡಬ್ಬಿ ತುಂಬಿ ತುಳುಕುತ್ತಿತ್ತು. ಅಲ್ಲಿನ ಗುಮಾಸ್ತ ಆಕಾಶ ನೋಡಲಿಲ್ಲ, ಡಬ್ಬಿ ನೋಡಿ ತಂತಿ ಕೊಟ್ಟ. ಬೀದರಿನವರು ಗಾಬರಿಯಾದರು. ಹುಮನಾಬಾದಿನಲ್ಲೇ ಇಷ್ಟು ಸುರಿದರೆ ಕಲ್ಯಾಣದ ಗತಿ ಏನು ಎಂದು ನಮಗೂ ಎಚ್ಚರಿಕೆ ಬಂತು.

ರಣಬಿಸಿಲಿನಲ್ಲಿ ಹಲಗಿ ಕಾಕಾ ಬೆವರು ಒರೆಸಿಕೊಳ್ಳುತ್ತ ಸಾರಿದ: "ಹಳ್ಳ ಬರಾಕತ್ತದ! ಜಲ್ದಿ ಸಾಮಾನ ಕಟ್ಕೊಳ್ರೀ!"

ಹಳ್ಳದಲ್ಲಿ ಎಮ್ಮೆಗೆ ಕುಡಿಯಲು ನೀರಿರಲಿಲ್ಲ. "ಕಾಕಾ, ಹಳ್ಳ ಎಲ್ಲಿತನ ಬಂದದ? ಹುಮನಾಬಾದಿನಾಗ ಬಸ್ ಹತ್ಯದೇನು?" ಎಂದು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾನ ಮುಖ ಸಣ್ಣದಾಯಿತು.

ಆಮೇಲೆ ತಿಳಿದದ್ದು ಇಷ್ಟು. ಕಚೇರಿಯ ಪಕ್ಕದ ಮನೆಯ ಅಜ್ಜಿ ಆ ಡಬ್ಬಿಯನ್ನು ಯಾರೋ ಪುಣ್ಯವಂತರು ಗುಬ್ಬಿಗಳಿಗೆ ಇಟ್ಟದ್ದು ಎಂದುಕೊಂಡು ಕೊಡದಿಂದ ನೀರು ಸುರಿದಿದ್ದಳು. ವಿಚಾರಿಸಲು ಹೋದವರಿಗೆ ಆಕೆಯೇ ಬೈದಳಂತೆ: "ಇಷ್ಟ್ ಸಣ್ಣ ಬಾಯಿ ಇಟ್ರ ಗುಬ್ಬಿ ಹ್ಯಾಂಗ ಕುಡೀಬೇಕ್ರೀ? ದೊಡ್ಡ ಸರಕಾರ, ಒಂದು ಅಗಲ ಪರಾತ ಇಡಲಿಕ್ಕ ಆಗಲ್ಲೇನು?"

ಕೆಂಪು ತ್ರಿಕೋನ

ಆ ಬಿಸಿಲಿನ ಡಂಗುರದಿಂದ ಕಾಕಾನ ಮಾತಿಗೆ ಬೆಲೆಯೇ ಹೋಯಿತು. ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ನಿಜವಾದ ಆಪತ್ತು ಬಂದಾಗ ಅದರ ಬಿಸಿ ತಟ್ಟಿತು. ಜಡಿಮಳೆ ಹಿಡಿದು ಮೇಲಿನ ಕೆರೆಯ ಒಡ್ಡು ಬಿರುಕು ಬಿಟ್ಟಿದೆ ಎಂದು ಬೆಳಿಗ್ಗೆ ಸುದ್ದಿ ಬಂತು. ಒಡ್ಡು ಒಡೆದರೆ ಹಳ್ಳದ ದಂಡೆಯ ಓಣಿ ಉಳಿಯುವುದಿಲ್ಲ.

ಕಾಕಾ ತೋಯ್ದು ತೊಪ್ಪೆಯಾಗಿ, "ಹಳ್ಳ ಬರಾಕತ್ತದ!" ಎಂದು ಕೂಗುತ್ತ ಓಣಿಯ ತುಂಬ ಹಲಗಿ ಬಡಿದ. ಒಬ್ಬರೂ ಕದಲಲಿಲ್ಲ. ಅವನ ತಾಯಿಯೇ ಒಲೆಯ ಮುಂದಿನಿಂದ ಏಳಲಿಲ್ಲ. ಅವನು ಕಚೇರಿಗೆ ಓಡಿ ಬಂದು, "ಸಾಹೇಬ್ರ, ಅವ್ವನೂ ನನ್ನ ಮಾತ ನಂಬವಲ್ಲಳ್ರಿ" ಎಂದು ಗಳಗಳ ಅತ್ತ. ಅಷ್ಟು ಗಟ್ಟಿ ದನಿಯ ಮನುಷ್ಯ ಅಳುವುದನ್ನು ನಾನು ಕಂಡದ್ದು ಅದೇ ಮೊದಲು.

ಹೋಗೋಣವೆಂದರೆ ನಮ್ಮ ಜೀಪು ಕೆಟ್ಟು ಕೂತಿತ್ತು. ಅಂಗಳದಲ್ಲಿ ಇದ್ದದ್ದು ಕುಟುಂಬ ಯೋಜನೆಯ ಜೀಪು ಒಂದೇ. ಅದರ ಬಾಗಿಲ ಮೇಲೆ ದೊಡ್ಡ ಕೆಂಪು ತ್ರಿಕೋನ. ಆಗ ಊರೂರಲ್ಲಿ ಲೆಕ್ಕ ತುಂಬಿಸಲು ಜನರನ್ನು ಹಿಡಿದು ಮಕ್ಕಳಾಗದ ಆಪರೇಷನ್ ಮಾಡಿಸುತ್ತಾರೆಂಬ ಗುಲ್ಲು ಹಬ್ಬಿತ್ತು. ಆ ಗಡಿಬಿಡಿಯಲ್ಲಿ ನಮಗೆ ಅದು ಹೊಳೆಯಲೇ ಇಲ್ಲ. ಕಾಕಾನನ್ನೂ ಹತ್ತಿಸಿಕೊಂಡು ಹೊರಟೆವು.

ಓಣಿಯ ಬಾಯಿಗೆ ಜೀಪು ನಿಂತಿತು. ನಾನು ಕೈ ಬೀಸಿ ಕೂಗಿದೆ: "ಎಲ್ಲಾರೂ ಹೊರಗ ಬರ್ರಿ! ಯಾರೂ ಒಳಗ ಇರಬ್ಯಾಡ್ರಿ!"

"ಆಪ್ರೇಶನ್ ಜೀಪೋ!" ಎಂದು ಯಾರೋ ಕಿರುಚಿದರು. ಗಂಡಸರು, ಹೆಂಗಸರು, ಮುದುಕರು ಎನ್ನದೆ ಓಣಿಗೆ ಓಣಿಯೇ ಹಿತ್ತಿಲ ಬಾಗಿಲಿನಿಂದ ಹೊರಬಿತ್ತು. ಕಂಕುಳಲ್ಲಿ ಕೂಸು, ಹಗ್ಗದ ತುದಿಯಲ್ಲಿ ಆಡು, ಹಿಂದೆ ನೋಡದೆ ಎದುರಿನ ದಿಬ್ಬ ಹತ್ತಿದರು. ನಾವೂ ಅವರ ಹಿಂದೆ ಓಡಿದೆವು. ನಾವು ಓಡಿದಷ್ಟೂ ಅವರು ಮೇಲೆ ಹತ್ತಿದರು.

ದಿಬ್ಬದ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಕಾಕಾನ ತಾಯಿ ಏದುಸಿರು ಬಿಡುತ್ತ ನಿಂತಿದ್ದಳು.

"ಅವ್ವಾ, ಈ ವಯಸ್ಸಿನಾಗ ನಿನಗ ಯಾರ್ ಆಪ್ರೇಶನ್ ಮಾಡ್ತಾರ? ನೀ ಯಾಕ ಓಡಿದಿ?" ಎಂದ ಕಾಕಾ.

"ಅವರಿಗಿ ಮಂದಿ ಕಮ್ಮಿ ಬಿದ್ದಿರ್ತಾರೋ ತಮ್ಮಾ. ವಯಸ್ಸು ಯಾರ್ ಕೇಳ್ತಾರ?"

ಅಷ್ಟರಲ್ಲಿ ಕೆಳಗೆ ಗುಡುಗಿದಂತೆ ಸದ್ದಾಯಿತು. ಒಡ್ಡು ಒಡೆದು ಕೆಂಪು ನೀರು ಓಣಿಯ ಸೂರಿನವರೆಗೆ ನುಗ್ಗಿತು. ಹೋಗಿದ್ದು ಗೋಡೆ, ಗಡಿಗೆ, ಕೌದಿ. ಒಂದು ಜೀವವೂ ಹೋಗಲಿಲ್ಲ. ಕಾಕಾ ತಾಯಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ನನ್ನ ಕಣ್ಣು ಒದ್ದೆಯಾಯಿತು.

ಆ ಮುದುಕಿ ನೀರನ್ನು ನೋಡಿದಳು, ನಮ್ಮನ್ನು ನೋಡಿದಳು, ಕೊನೆಗೆ ಮಗನ ಕೊರಳಲ್ಲಿದ್ದ ಹಲಗಿಯನ್ನು ನೋಡಿ ಗದರಿದಳು:

"ಮುಂಜಾನಿಂದ ಅಷ್ಟು ಬಡಕೊಂಡ್ಯಲ್ಲೋ ಮೂಳ, ಹಳ್ಳ ಬರಾಕತ್ತದ ಅಂತ ಒಂದು ಮಾತ ಹೇಳಬಾರದೇನು?"