ದ್ರಾಕ್ಷಿ ಪೆಟ್ಟಿಗೆ ಸೇರಿದ ನನ್ನ ವಾರಪತ್ರಿಕೆ

ವಯಸ್ಸು ನಲವತ್ತೆಂಟು, ಊರು ಕಾಗವಾಡ, ಸರ್ಕಾರಿ ನೌಕರಿ, ಓದುವುದು ಮಕ್ಕಳ ಚಿತ್ರಕಥೆಯ ವಾರಪತ್ರಿಕೆ. ಇದರಲ್ಲಿ ಯಾವುದಕ್ಕೂ ನನಗೆ ನಾಚಿಕೆಯಿಲ್ಲ. ದೊಡ್ಡವರು ದಿನಪತ್ರಿಕೆ ಓದಿ ಸಿಟ್ಟಾಗುತ್ತಾರೆ. ನಾನು ನರಿ ಮೊಸಳೆಗೆ ಟೋಪಿ ಹಾಕಿದ್ದನ್ನು ಓದಿ ನಗುತ್ತೇನೆ. ಯಾರು ಜಾಣರೆಂದು ನೀವೇ ಹೇಳಿ.

ತರಿಸಲು ಶುರುಮಾಡಿದ್ದು ಮಗಳಿಗಾಗಿ. ಎಂಟನೇ ಇಯತ್ತೆಗೆ ಬಂದವಳೇ ಅವಳು ಬಿಟ್ಟಳು, ನಾನು ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಪೇಪರ್ ಏಜೆಂಟ ಎಲ್ಲರೆದುರು ಕೇಳುತ್ತಿದ್ದ: "ಸರ, ಮಗಳು ಕಾಲೇಜಿಗಿ ಹೋಗ್ಯಾಳಲ್ರಿ, ಇನ್ನ ಯಾರ ಸಲುವಾಗಿ ತರಸೂದ್ರಿ?" "ನನ್ನ ಸಲುವಾಗಿ" ಎಂದು ಅಲ್ಲೇ ನಿಂತು ಬಿಚ್ಚಿ ಓದುತ್ತಿದ್ದೆ. ಪತ್ರಿಕೆಯ ಇತಿಹಾಸ ನನ್ನ ತಲೆಗೂದಲಿನ ದಾರಿಯನ್ನೇ ಹಿಡಿಯಿತು: ಮೊದಲು ಬಣ್ಣ ಹೋಯಿತು, ಆಮೇಲೆ ತೆಳ್ಳಗಾಯಿತು. ನನ್ನ ತಲೆಯಲ್ಲಿ ಇನ್ನೂ ನಾಲ್ಕು ಕೂದಲುಂಟು. ಪತ್ರಿಕೆ ಮಾತ್ರ ನರಿಯನ್ನು ಬಾವಿಗೆ ಬೀಳಿಸಿ, ಮೇಲಿಂದ ತೋಳ ಇಣುಕುವಾಗ 'ಮುಂದಿನ ವಾರ' ಎಂದು ಹೇಳಿ ನಿಂತೇಹೋಯಿತು. ಉಳಿದದ್ದು ಅಟ್ಟದ ಮೇಲಿನ ಹನ್ನೆರಡು ವರ್ಷದ ಗಂಟು. ಮತ್ತೆಲ್ಲೂ ಸಿಗದ ಗಂಟು.

ಒಂದು ದಿನ ಕಚೇರಿಯಿಂದ ಬಂದರೆ ಅಟ್ಟ ಖಾಲಿ. "ಬಾಜು ಮನಿ ಅಣ್ಣಪ್ಪಣ್ಣಾರ ದ್ರಾಕ್ಷಿ ಪ್ಯಾಕಿಂಗಿಗೆ ಕೊಟ್ಟೇನ್ರಿ" ಎಂದಳು ಹೆಂಡತಿ. ದ್ರಾಕ್ಷಿ ಕಾಲದಲ್ಲಿ ಪೆಟ್ಟಿಗೆಗೆ ಹಾಸಲು ಕಾಗದ ಕೇಳಿದರೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ಚಪ್ಪಲಿ ಮೆಟ್ಟದೆ ಅವನ ಪ್ಯಾಕಿಂಗ್ ಶೆಡ್ಡಿಗೆ ಓಡಿದೆ.

ಅರ್ಧ ಗಂಟು ಆಗಲೇ ದ್ರಾಕ್ಷಿಯ ಕೆಳಗೆ ಸೇರಿತ್ತು. ಆದರೆ ಶೆಡ್ಡಿನಲ್ಲಿ ಕೆಲಸ ನಿಂತಿತ್ತು. ಉಳಿದರ್ಧವನ್ನು ಮಡಿಲಲ್ಲಿಟ್ಟುಕೊಂಡು ಪ್ಯಾಕಿಂಗ್ ಕೂಲಿಗೆ ಬಂದ ಮುದುಕಿ ತಾನವ್ವ ಓದುತ್ತಿದ್ದಳು, ಗಡಿಯಾಚೆಯಿಂದ ಕೂಲಿಗೆ ಬಂದ ಮರಾಠಿ ಹೆಂಗಸರಿಗೆ ಮರಾಠಿಯಲ್ಲಿ ತಿಳಿಸಿ ಹೇಳುತ್ತಿದ್ದಳು. ಜಗಳಕ್ಕೆ ಹೋದ ನಾನೂ ಕಿವಿಗೊಟ್ಟು ನಿಂತೆ.

"ಸರ, ನರಿ ಬಾವ್ಯಾಗ ಬಿದ್ದೈತಿ. ಮುಂದಿಂದು ಯಾ ಪೆಟಗ್ಯಾಗ ಐತ್ರಿ?" ಎಂದು ಕೇಳಿದಳು ತಾನವ್ವ.

ಮುಂದಿನದು ಎಲ್ಲೂ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ತೋಳಕ್ಕೆ ಕನಿಕರ ಬಂದು ಅದು ಹಗ್ಗ ಇಳಿಬಿಟ್ಟಿತೆಂದು ಕಥೆ ಕಟ್ಟಿದೆ.

"ಸುಳ್ಳ ಹೇಳಬ್ಯಾಡ್ರಿ ಸರ. ಆ ತ್ವಾಳ ಹಗ್ಗ ಬಿಡೂದಲ್ಲ. ನರಿನ ಏನರ ಹಂಚಿಕಿ ಹಾಕಬೇಕು" ಎಂದಳು ತಾನವ್ವ. ಹನ್ನೆರಡು ವರ್ಷ ಓದಿದ ನನಗೆ ತಿಳಿಯದ್ದು ಒಂದು ಮಧ್ಯಾಹ್ನ ಓದಿದವಳಿಗೆ ತಿಳಿದಿತ್ತು. ಗಂಟು ವಾಪಸ್ಸು ಕೇಳುವ ಮನಸ್ಸಾಗಲಿಲ್ಲ. ಅಲ್ಲೇ ಕುಳಿತೆ.

"ಟ್ರಕ್ ನಿಂತೈತ್ರಿ ಸರ!" ಎಂದು ಅಣ್ಣಪ್ಪಣ್ಣ ಕೂಗಿದ.

"ನಿಂದರ್ಲಿ!" ಎಂದೆ.

ನರಿಯನ್ನು ಮೇಲೆತ್ತಲು ಒಬ್ಬೊಬ್ಬರದು ಒಂದೊಂದು ಹಂಚಿಕೆ, ಒಂದೊಂದು ಉಪಾಯ. ಹೊತ್ತು ಮುಳುಗಿದರೂ ನರಿ ಮೇಲೆ ಬರಲಿಲ್ಲ. ಮರುದಿನಕ್ಕೆ ರಜೆಯ ಅರ್ಜಿ ಬರೆದೆ. ಹಿಂದೆಲ್ಲ ಹೊಟ್ಟೆನೋವು, ಬೀಗರ ಮನೆಯ ಕಾರ್ಯ ಎಂದು ಬರೆಯುತ್ತಿದ್ದೆ. ಈ ಸಲ 'ನರಿಯನ್ನು ಬಾವಿಯಿಂದ ಮೇಲೆತ್ತುವುದಿದೆ' ಎಂದು ಬರೆದು ಸಹಿ ಹಾಕಿದೆ. ನೌಕರಿಗೆ ಸೇರಿದಾಗಿನಿಂದ ನಾನು ಕೊಟ್ಟ ಮೊದಲ ನಿಜವಾದ ಕಾರಣ ಅದು.