ತೋರಿಸಲು ಒಂದು ಗೋಡೆ

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆ ಸುಮಾರಿಗೆ, ನಾಲ್ಕಡಿ ಉದ್ದ ಎರಡಡಿ ಅಗಲದ ಥರ್ಮಾಕೋಲ್ ಹಲಗೆಯೊಂದು ಗೋಡೆಯಿಂದ ಕಳಚಿ ಬಿದ್ದಿತು. ಪ್ರಾಣಹಾನಿಯಾಗಲಿಲ್ಲ. ಕೆಳಗೆ ಮಲಗಿದ್ದ ನಾಯಿ ತಲೆಯೆತ್ತಿ ನೋಡಿ, ಹಲಗೆಯ ಮೇಲೆ ಹತ್ತಿ ಮತ್ತೆ ಮಲಗಿತು. ಎದುರಿನ ಹೋಟೆಲಿನವರು ಮತ್ತು ಪಂಕ್ಚರ್ ಅಂಗಡಿಯವರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು.

ಗೋಡೆ ನಮ್ಮ ಅಂಗಡಿಯದು. ಗಿರಾಕಿಗಳಿಗೆ ತೋರಿಸಲೆಂದು ಬರೀ ಅಂಟಿನಲ್ಲಿ ಹಲಗೆ ಅಂಟಿಸಿದವರೂ ನಾವೇ. ನಾವು ಎಂದರೆ ನಾನು ಮತ್ತು ನನ್ನ ಪಾಲುದಾರರಾದ ಮೇಸ್ತ್ರಿ. ನಾನು ಈ ವ್ಯಾಪಾರಕ್ಕೆ ಮೊದಲು ಸಿಮೆಂಟ್ ಮಾರುತ್ತಿದ್ದೆ. ಮೇಸ್ತ್ರಿಯ ಮನೆತನ ತಲೆತಲಾಂತರದಿಂದ ಊರಿನ ಸಾಬರ ಕೇರಿಯಲ್ಲಿ ಗಾರೆ ಕೆಲಸ ಮಾಡಿಕೊಂಡು ಬಂದದ್ದು. ಬಿಸಿಲು ಬೀಳುವ ಗೋಡೆಗೆ ಎರಡಿಂಚು ದಪ್ಪದ ಥರ್ಮಾಕೋಲ್ ಹಲಗೆ ಅಂಟಿಸಿ, ಅಗಲ ತಲೆಯ ಪ್ಲಾಸ್ಟಿಕ್ ಮೊಳೆ ಹೊಡೆದು, ಜಾಲರಿ ಎಳೆದು, ಮೇಲೆ ತೆಳುವಾಗಿ ಗಾರೆ ಬಳಿದರೆ ಒಳಗೆ ತಂಪಾಗುತ್ತದೆ. ಇದು ನಿಜ. ನಿಜವಾದದ್ದನ್ನು ಮಾರುವುದು ಎಷ್ಟು ಕಷ್ಟವೆಂದು ನಮಗೆ ಆಗ ಗೊತ್ತಿರಲಿಲ್ಲ.

ಬಿದ್ದ ಹಲಗೆಯ ಬೆನ್ನಿಗೆ ಹಳೆಯ ಸುಣ್ಣದ ಪದರ ಹಾಗೇ ಅಂಟಿಕೊಂಡಿತ್ತು. ಮೇಸ್ತ್ರಿ ಅದನ್ನು ಕೆರೆದು ನೋಡಿ, "ಅಂಟು ಬಿಟ್ಟಿಲ್ಲ ಯಜಮಾನ್ರೆ. ಸುಣ್ಣ ಬಿಟ್ಟೈತೆ" ಎಂದರು. ಇದೂ ನಿಜ. ಆದರೆ ಊರಿಗೆ ಅಷ್ಟು ವಿವರ ಬೇಕಿರಲಿಲ್ಲ.

ನಮ್ಮ ಕಡೆ ಬಾಯಿಮಾತು ನಂಬಿ ಯಾರೂ ಕೆಲಸ ಕೊಡುವುದಿಲ್ಲ. "ಎಲ್ಲಿ ಮಾಡೀರಿ? ತೋರ್ಸ್ರಿ" ಅನ್ನುತ್ತಾರೆ. ಅಂಗಡಿಯ ಗೋಡೆ ತೋರಿಸುವ ಕಾಲ ಮುಗಿದಿತ್ತು. ಇನ್ನೊಂದು ಗೋಡೆ ಬೇಕಿತ್ತು, ಗಟ್ಟಿಯಾಗಿ ನಿಂತದ್ದು. ಮೇಸ್ತ್ರಿ ಸ್ಪಷ್ಟವಾಗಿ ಹೇಳಿದರು: "ಈ ಬ್ಯಾಸಿಗೆ ಕಳಿಯೋದ್ರೊಳಗೆ ಜನಕ್ಕೆ ತೋರ್ಸಾಕೆ ಒಂದು ಗೋಡೆ ಆಗ್ಬೇಕು. ಇಲ್ಲಾಂದ್ರೆ ನಾನು ನಮ್ಮಪ್ಪನ ಕರಣೆ ತಗಂಡು ವಾಪಸ್ ಗಾರೆ ಕೆಲ್ಸಕ್ಕೆ ಹೋಗ್ತೀನಿ." ಆಮೇಲಿನದೆಲ್ಲ ಆ ಒಂದು ಗೋಡೆಗಾಗಿ ಪಟ್ಟ ಪಾಡು. ಇಂಥವು ನಡೆಯುತ್ತಲೇ ಇರುತ್ತವೆ. ಒಂದೇ ಬೇಸಿಗೆಯಲ್ಲಿ ಒಬ್ಬರಿಗೇ ನಡೆಯುವುದು ಮಾತ್ರ ಸ್ವಲ್ಪ ಅಪರೂಪ.

ಏಳು ಸುತ್ತು

ಮೊದಲ ಗಿರಾಕಿ ದುರ್ಗದವರೇ, ನಿವೃತ್ತ ಮೇಷ್ಟ್ರು. ಅವರ ಮಹಡಿಯ ಕೋಣೆ ಬೆಟ್ಟಕ್ಕೆ ಮುಖ ಮಾಡಿತ್ತು. ಬಂಡೆಗಳು ಹಗಲೆಲ್ಲ ಕಾದು, ಸಂಜೆ ಆ ಕಾವನ್ನು ಮೇಷ್ಟ್ರ ಕೋಣೆಗೆ ಕಳಿಸುತ್ತಿದ್ದವು. ನಾವು ಈ ಸಲ ಸುಣ್ಣವನ್ನೆಲ್ಲ ಕೆರೆದು, ಗೋಡೆ ತೊಳೆದು, ಇಪ್ಪತ್ತು ಹಲಗೆ ಅಂಟಿಸಿದೆವು. ಮೊಳೆ, ಜಾಲರಿ ದಾವಣಗೆರೆಯಿಂದ ಬರಬೇಕಿತ್ತು. ಮೂರು ದಿನ ತಡವಾಯಿತು.

ನಾಲ್ಕನೇ ದಿನ ಹೋದರೆ ಗೋಡೆಯಲ್ಲಿ ಎಂಟು ಹಲಗೆ ಇರಲಿಲ್ಲ. ಮೇಷ್ಟ್ರು ಪೇಪರ್ ಓದುತ್ತಿದ್ದರು. ನಮ್ಮನ್ನು ಕಂಡು ಪೇಪರನ್ನು ಇನ್ನೂ ಸ್ವಲ್ಪ ಎತ್ತರಕ್ಕೆ ಹಿಡಿದರು.

"ಮೊಮ್ಮಗಳಿಗೆ ಸ್ಕೂಲಲ್ಲಿ ಮಾಡೆಲ್ ಮಾಡ್ಕಂಬಾ ಅಂದಿದ್ರು" ಎಂದು ಪೇಪರಿನ ಹಿಂದಿನಿಂದಲೇ ಹೇಳಿದರು.

ನಮ್ಮೂರಿನಲ್ಲಿ ಮಕ್ಕಳಿಗೆ ಮಾಡೆಲ್ ಮಾಡಲು ಹೇಳಿದರೆ ಕೋಟೆ ಬಿಟ್ಟು ಬೇರೆ ಮಾಡುವುದಿಲ್ಲ. ಕೋಟೆಯನ್ನು ಥರ್ಮಾಕೋಲ್ ಬಿಟ್ಟು ಬೇರೆಯದರಲ್ಲಿ ಮಾಡುವುದಿಲ್ಲ. ಈ ವ್ಯಾಪಾರಕ್ಕೆ ಇಳಿಯುವ ಮುನ್ನ ನಾವು ಬಿಸಿಲು, ಮಳೆ, ಇಲಿ, ಇರುವೆ ಎಲ್ಲವನ್ನೂ ಯೋಚಿಸಿದ್ದೆವು. ಇದನ್ನು ಯೋಚಿಸಿರಲಿಲ್ಲ.

ಮೇಸ್ತ್ರಿ ಗೋಡೆಯನ್ನು ಎರಡು ಸಲ ಎಣಿಸಿದರು. "ಮೇಷ್ಟ್ರೇ, ನಮ್ಮ ಕೋಟೆಗೆ ಎಷ್ಟು ಸುತ್ತು?"

"ಏಳು."

"ಹಲಗೆ ಎಂಟು ಹೋಗ್ಯಾವಲ್ರಿ."

"ಬೆಟ್ಟ ಇಲ್ದೆ ಕೋಟೆ ಎಲ್ಲಿ ಕೂರ್ಸಾನಪ್ಪ?"

ಅದೇ ತರಗತಿಯಲ್ಲಿ ಆ ಬೀದಿಯ ಇನ್ನೂ ಇಬ್ಬರು ಮಕ್ಕಳಿದ್ದರು. ಕಡಿಮೆಯಾದ ಎಂಟು ಹಲಗೆ ನಾವು ತರಿಸುವಷ್ಟರಲ್ಲಿ, ಭಾನುವಾರದೊಳಗೆ ಉಳಿದ ಹನ್ನೆರಡೂ ಹೋದವು. ಮುಂದಿನ ವಾರ ಒಬ್ಬ ಗಿರಾಕಿ ಬಂದು ನಮ್ಮ ಕೆಲಸ ತೋರಿಸಿ ಎಂದಾಗ ಬೇರೆ ದಾರಿಯಿಲ್ಲದೆ ಶಾಲೆಯ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋದೆವು. ಆತ ಮೂರೂ ಕೋಟೆಗಳನ್ನು ಸುತ್ತಿ ನೋಡಿ, "ಬುರುಜು ಚಲೋ ಬಂದೈತ್ರಿ" ಎಂದು ಹೇಳಿ ಹೋದ.

ಟೊಳ್ಳು

ಎರಡನೆಯದು ಹೊಳಲ್ಕೆರೆಯಲ್ಲಿ ಒಂದು ಹೊಸ ಮನೆ. ಹಲಗೆ, ಮೊಳೆ, ಜಾಲರಿ, ಗಾರೆ, ಬಣ್ಣ ಎಲ್ಲವನ್ನೂ ಒಂದೇ ಏಟಿಗೆ ಮುಗಿಸಿದೆವು. ಮಕ್ಕಳ ಕೈಗೆ ಏನೂ ಸಿಗದಂತೆ ಮಾಡಿದೆವು. ಮನೆಯವರು ಒಳಗೆ ಕೂತು, "ಪಂಚೆ ಹೊದ್ಕಬೇಕು ಅನ್ನಂಗೆ ತಂಪೈತ್ರಿ" ಎಂದರು. ಮೇಸ್ತ್ರಿ ಅವತ್ತು ಎರಡು ಲೋಟ ಚಹಾ ಕುಡಿದರು.

ಗೃಹಪ್ರವೇಶಕ್ಕೆ ಮನೆಯವರ ಭಾವ ಬಂದರು. ಕಲ್ಲಿನ ಮನೆಗಳಲ್ಲಿ ಹುಟ್ಟಿ ಬೆಳೆದ ನಮ್ಮ ಜನಕ್ಕೆ ಒಂದು ಅಭ್ಯಾಸವಿದೆ. ಹೊಸ ಮನೆಗೆ ಹೋದರೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಗೋಡೆ ಬಡಿಯುತ್ತಾರೆ. ಭಾವ ಬೆರಳು ಮಡಚಿ ಬಡಿದರು. ಟೊಕ್ ಟೊಕ್ ಎಂದಿತು.

ಇನ್ನೊಂದು ಕಡೆ ಹೋಗಿ ಬಡಿದರು. ಅಲ್ಲೂ ಹಾಗೇ. ಆಮೇಲೆ ಮನೆಯವರ ಹೆಗಲ ಮೇಲೆ ಕೈಯಿಟ್ಟು, ಸಾವಿನ ಮನೆಯ ದನಿಯಲ್ಲಿ, "ಯಾರಪ್ಪ ಮೇಸ್ತ್ರಿ? ಮೋಸ ಮಾಡ್ಯಾನೆ" ಎಂದರು.

ಊಟದ ಹೊತ್ತಿಗೆ ಬಂದವರೆಲ್ಲ ಒಂದೊಂದು ಸಲ ಬಡಿದಿದ್ದರು. ಪಾಯಸ ಬಡಿಸಲು ಬಂದವರೂ ಬಡಿದರು. ಮನೆಯವರಿಗೆ ತಂಪು ಬೇಕಿತ್ತು, ನಿಜ. ಆದರೆ ಮರ್ಯಾದೆ ಅದಕ್ಕಿಂತ ಹೆಚ್ಚು ಬೇಕಿತ್ತು. ಮರುವಾರವೇ ನಮ್ಮ ಗೋಡೆಯ ಮುಂದೆ ಒಂದು ಕಲ್ಲಿನ ಗೋಡೆ ಎಬ್ಬಿಸಿ ಅದನ್ನು ಪೂರ್ತಿ ಮುಚ್ಚಿದರು.

ನಾವು ಅದನ್ನು ತಿಳಿಯದೆ ಒಬ್ಬ ಗಿರಾಕಿಯನ್ನು ಅಲ್ಲಿಗೆ ಕರೆದೊಯ್ದೆವು. ಮನೆಯವರು ನಮ್ಮ ಮುಖವನ್ನೇ ಕಂಡಿಲ್ಲ ಎಂಬಂತೆ ನಿಂತು, ಗೋಡೆ ಬಡಿದು ತೋರಿಸಿದರು. "ಕೇಳ್ರಿ. ಬಂಡೆ. ಥರ್ಮಾಕೋಲು ಗಿರ್ಮಾಕೋಲು ಏನೂ ಇಲ್ಲ."

"ಒಳಗೆ ಇಷ್ಟು ತಂಪೈತಲ್ರಿ?" ಎಂದ ಗಿರಾಕಿ.

"ಕಲ್ಲಿನ ಮನೆ ತಂಪಿರ್ದೆ ಇನ್ನೇನ್ ಇರುತ್ತೆ?"

ಗಿರಾಕಿ ಹಿಂದಿರುಗುವಾಗ ದಾರಿಯಲ್ಲಿ ನಮ್ಮನ್ನೇ ಕೇಳಿದ, ಒಳ್ಳೆ ಕಲ್ಲು ಕೆಲಸದವರು ಗೊತ್ತಾ ಅಂತ. ಮೇಸ್ತ್ರಿ ತಮ್ಮ ಷಡ್ಡಕನ ಮನೆ ತೋರಿಸಿದರು.

ಕಂಬಳಿ

ಹಿರಿಯೂರಿನಲ್ಲಿ ಕುರಿ, ದನಗಳ ಔಷಧಿ ಮಾರುವವರೊಬ್ಬರ ಔಷಧಿ ಇಡುವ ಕೋಣೆ ಬಿಸಿಲಿಗೆ ಕಾಯುತ್ತಿತ್ತು. ಹಲಗೆ ಇಳಿಸಿ ಗೋಡೆ ಅಳೆಯುತ್ತಿದ್ದೆವು. ಅಂಗಡಿಯವರಿಗೆ ಒಂದೇ ಅನುಮಾನ.

"ಇದು ಬಿಸಿ ಕಾಯೋದಾ, ತಂಪು ಕಾಯೋದಾ? ಐಸ್ ಮಾರೋರು ಡಬ್ಬಿಗೆ ಇದ್ನೇ ಹಾಕ್ತಾರೆ, ಕ್ಯಾಟರಿಂಗ್‌ನೋರು ಬಿಸಿ ಅನ್ನದ ಡಬ್ಬಿಗೂ ಇದ್ನೇ ಹಾಕ್ತಾರೆ. ನನ್ ಕೋಣೆಗೆ ಯಾವ್ದು ಮಾಡುತ್ತೆ ಅಂತ ಇದಕ್ಕೆ ಹೆಂಗೆ ಗೊತ್ತಾಗುತ್ತೆ?"

ಮೇಸ್ತ್ರಿ ವಿವರಿಸಿದರು. ನಾನು ವಿವರಿಸಿದೆ. ಒಂದು ರಟ್ಟಿನ ಮೇಲೆ ಚಿತ್ರ ಬರೆದು ಬಾಣದ ಗುರುತು ಹಾಕಿದೆವು. ಅಂಗಡಿಯವರು ಬಾಣ ನೋಡಿ, "ಇದು ತಿರುಗಿ ಒಳಗೆ ಬಂದ್ರೆ?" ಎಂದರು.

ಜವನಗೊಂಡನಹಳ್ಳಿ ಕಡೆಯ ಕುರಿ ಕಾಯುವ ಅಜ್ಜ ಒಬ್ಬರು ಜಂತುಹುಳದ ಔಷಧಿಗೆ ಬಂದು ಅಷ್ಟು ಹೊತ್ತೂ ಬಿಸಿಲಲ್ಲೇ ನಿಂತಿದ್ದರು. ಅವರು ಕೇಳಿಕೊಂಡು ಸಾಕಾಗಿ ಬಾಯಿ ಬಿಟ್ಟರು.

"ಲೇ ತಮ್ಮ, ನಾನು ಈ ಬಿಸ್ಲಾಗೆ ಏನ್ ಹೊದ್ದೀನಿ?"

"ಕಂಬಳಿ."

"ಚಳಿಗಾಲ್ದಾಗೆ ಏನ್ ಹೊದ್ಕಂತೀನಿ?"

"ಕಂಬಳಿ."

"ಅದಕ್ಕೆ ಹೆಂಗೆ ಗೊತ್ತಾಗುತ್ತೆ? ಒಳಗಿದ್ದದ್ದು ಒಳಗೆ, ಹೊರಗಿದ್ದದ್ದು ಹೊರಗೆ. ಔಷಧಿ ಕೊಡು, ಕುರಿ ಕಾಯ್ತಾವೆ."

ನಾವು ಒಂದು ಗಂಟೆಯಿಂದ ಹೇಳಲಾಗದ್ದನ್ನು ಅಜ್ಜ ಎರಡು ಮಾತಲ್ಲಿ ಹೇಳಿದ್ದರು. ನನಗೆ ಅವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಮನಸ್ಸಾಯಿತು. ಅಂಗಡಿಯವರ ಮುಖ ಬೆಳಗಿತು. ಅವರು ಹಲಗೆಯನ್ನು ನೋಡಿದರು, ಕಂಬಳಿಯನ್ನು ನೋಡಿದರು.

"ಈಗ ಪೂರಾ ಅರ್ಥ ಆತು ಬಿಡ್ರಿ" ಎಂದರು ನಮಗೆ. ಆಮೇಲೆ ಅಜ್ಜನ ಕಡೆ ತಿರುಗಿ, "ಇಂಥವು ಎಂಟು ಸಿಗ್ತಾವಾ?"

ನಾವು ಹಲಗೆಗಳನ್ನು ಮತ್ತೆ ಲಗೇಜ್ ಆಟೋಕ್ಕೆ ಏರಿಸಿದೆವು. ಅಜ್ಜನೂ ಒಂದು ಕೈ ಹಚ್ಚಿದರು.

ಜ್ವರ

ಬೇಸಿಗೆ ಇನ್ನೂ ಸ್ವಲ್ಪ ಉಳಿದಿತ್ತು. ಐಮಂಗಲದ ಆಚೆ ರೇಷ್ಮೆಹುಳು ಸಾಕುವ ಒಬ್ಬ ಅಮ್ಮ ಕರೆಸಿದರು. ಅವರ ಹುಳುಮನೆಯಲ್ಲಿ ಕಾವು ತಡೆಯದೆ ಹುಳು ಸಾಯುತ್ತಿದ್ದವು. ಒಳಗೋಡೆಗಳಿಗೆಲ್ಲ ಹಲಗೆ ಅಂಟಿಸಿ ಗಾರೆ ಬಳಿದೆವು. ಅದು ನಾವು ಮಾಡಿದ ಅತ್ಯುತ್ತಮ ಕೆಲಸ. ಕೋಟೆ ಮಾಡುವ ಮಕ್ಕಳಿಲ್ಲ, ಬಡಿಯುವ ಭಾವ ಇಲ್ಲ. ಹುಳು ಚೆನ್ನಾಗಿ ಮೇಯುತ್ತಿವೆ ಎಂದು ಅಮ್ಮ ಫೋನ್ ಮಾಡಿ ಹೇಳಿದರು. ಕೊನೆಗೂ ನಮಗೊಂದು ಗೋಡೆಯಾಯಿತು.

ಅದೇ ಹೊತ್ತಿಗೆ ಹೊಸದುರ್ಗದಲ್ಲಿ ಕಲ್ಯಾಣ ಮಂಟಪ ಕಟ್ಟಿದ ಯಜಮಾನರೊಬ್ಬರು ಸಿಕ್ಕರು. ಮಂಟಪದ ಊಟದ ಹಾಲಿನಲ್ಲಿ ಜನ ಹೋಳಿಗೆಗಿಂತ ಮೊದಲು ಬೇಯುತ್ತಿದ್ದರು. "ಒಂದು ಗೋಡೆ ತೋರ್ಸಿ ಸಾಕು, ನಾಳೆನೇ ಕೆಲ್ಸ ಶುರು ಮಾಡ್ರಿ" ಎಂದರು. ಮೇಸ್ತ್ರಿ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

ನಾವು ಮೂವರೂ ಹೋದಾಗ ಅಮ್ಮ ಹುಳುಮನೆಯ ಬಾಗಿಲಲ್ಲಿ ಅಡ್ಡ ನಿಂತಿದ್ದರು.

"ಹುಳು ಜ್ವರಕ್ಕೆ ಕುಂತಾವೆ. ಹೊರಗಿನೋರು ಒಳಗೆ ಬರಂಗಿಲ್ಲ."

ಹುಳು ಮೇವು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಕೂರುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಹೊರಗಿನವರು ರೋಗ ತರುತ್ತಾರೆ, ದೃಷ್ಟಿಯನ್ನೂ ತರುತ್ತಾರೆ ಎಂದು ಯಾರನ್ನೂ ಬಿಡುವುದಿಲ್ಲ. ಸರಿ ಎಂದು ವಾಪಸಾದೆವು.

ವಾರ ಬಿಟ್ಟು ಹೋದೆವು. "ದೊಡ್ಡ ಮೇವಿನ ಹೊತ್ತು. ಈಗಂತೂ ಆಗಲ್ಲ." ಇನ್ನೂ ನಾಲ್ಕು ದಿನ ಬಿಟ್ಟು ಹೋದೆವು. "ಗೂಡು ಕಟ್ತಾವೆ. ಮೆಲ್ಲಗೆ ಮಾತಾಡ್ರಿ." ಗೂಡು ಮಾರುಕಟ್ಟೆಗೆ ಹೋದ ಮೇಲೆ, ಹುಳುಮನೆ ಖಾಲಿಯಿದೆ ಎಂದು ಖಾತ್ರಿ ಮಾಡಿಕೊಂಡು ನಾಲ್ಕನೇ ಸಲ ಹೋದೆವು. ಬಾಗಿಲಿನ ಸಂದಿಗೆಲ್ಲ ಕಾಗದ ಅಂಟಿಸಿ ಮುಚ್ಚಿತ್ತು.

"ಔಷಧಿ ಹೊಡ್ದು ಮುಚ್ಚೀನಿ. ತೆಗ್ದ ದಿನಾನೇ ಹೊಸ ಹುಳು ಬರ್ತಾವೆ" ಎಂದರು ಅಮ್ಮ.

ಯಜಮಾನರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಹಂಗಾದ್ರೆ ಈ ಮನೆ ಯಾವಾಗ ಖಾಲಿ ಇರ್ತೈತಮ್ಮ?"

"ಮೊದ್ಲೆಲ್ಲ ವರ್ಷದಾಗೆ ಅರ್ಧ ಖಾಲಿನೇ ಇರ್ತಿತ್ತು. ಹುಳು ಉಳೀತಿರ್ಲಿಲ್ಲ. ಈಗ ಇವ್ರು ಬಂದು ಹಲಗೆ ಹಾಕಿದ್ಮೇಲೆ ಒಂದಿನಾನೂ ಬಿಡುವಿಲ್ಲ. ಆವಾಗ ಬಂದಿದ್ರೆ ಆರಾಮಾಗಿ ಒಳಗೆ ಕುಂತು ನೋಡ್ಬೋದಿತ್ತು."

"ಆವಾಗ ಹಲಗೆ ಇತ್ತಾ?"

"ಇರ್ಲಿಲ್ಲ."

ಯಜಮಾನರು ಹುಳುಮನೆಯ ಪಕ್ಕಕ್ಕೆ ನಡೆದರು. ಇಷ್ಟು ದೂರ ಬಂದದ್ದಕ್ಕೆ ಹೊರಗೋಡೆಯನ್ನಾದರೂ ಮುಟ್ಟೋಣ ಎಂದು ಪಡುವಣ ಬಿಸಿಲು ಬಿದ್ದ ಗೋಡೆಗೆ ಅಂಗೈ ಇಟ್ಟು, ತಕ್ಷಣ ತೆಗೆದರು.

"ಸುಡ್ತೈತಲ್ರಿ."

ಮೇಸ್ತ್ರಿ ವಿನಯದಿಂದ, "ಅಂದ್ರೆ ಬಿಸಿ ಹೊರಗೇ ನಿಂತೈತೆ ಅಂತ ಅರ್ಥ, ಯಜಮಾನ್ರೆ" ಎಂದರು.

"ಹೊರಗೆ ನಾನೂ ನಿಂತೀನಲ್ಲಪ್ಪ" ಎಂದರು ಯಜಮಾನರು.

ಯಜಮಾನರು ಕಲ್ಯಾಣ ಮಂಟಪಕ್ಕೆ ಹನ್ನೆರಡು ಫ್ಯಾನ್ ಹಾಕಿಸಿದರು. ಬೇಸಿಗೆ ಮುಗಿಯಿತು, ಮೇಸ್ತ್ರಿ ಅಪ್ಪನ ಕರಣೆ ತೆಗೆದುಕೊಂಡು ಗಾರೆ ಕೆಲಸಕ್ಕೆ ಮರಳಿದರು.